ಕಡಕ್ ರೊಟ್ಟಿ ಕಟ್ಟಿಕೊಂಡು ನಾರ್ವೆ ಕಡಲಿಗೆ

ಈ ಸಲ ಬಂದ ಪತ್ರಗಳಲ್ಲಿ ನಾಲ್ಕು ಒಂದೇ ದಿಕ್ಕಿಗೆ, ಉತ್ತರ ನಾರ್ವೆಯ ಕಡಲಿಗೆ, ಮುಖ ಮಾಡಿದ್ದವು. ಹೊರಗೆ ಬೆಳಗಾವಿಯ ಜಿಟಿಜಿಟಿ ಮಳೆ. ಕೂತು ಎಲ್ಲಕ್ಕೂ ಉತ್ತರ ಬರೆದಿದ್ದೇನೆ.

ಪ್ರಶ್ನೆ: ನಾವು ಬಾಗಲಕೋಟೆ ನವನಗರದವರು. ನನಗೆ 58, ನಮ್ಮ ಯಜಮಾನರಿಗೆ 64. ಮಗ ಓಸ್ಲೋದಲ್ಲಿ ಕೆಲಸದಲ್ಲಿದ್ದಾನೆ. ಬರುವ ಜುಲೈನಲ್ಲಿ ಅವನೂ ಇಬ್ಬರು ಗೆಳೆಯರೂ ಸೇರಿ ಹಾಯಿದೋಣಿ ಬಾಡಿಗೆಗೆ ತಗೊಂಡು ಬೋಡೊ ಊರಿಂದ ಲೋಫೋಟೆನ್ ದ್ವೀಪಗಳನ್ನು ಏಳು ದಿನ ಸುತ್ತುತ್ತಾರಂತೆ, ನೀವೂ ಬನ್ನಿ ಅಂತಿದ್ದಾನೆ. ಒಬ್ಬ ಗೆಳೆಯನಿಗೆ ದೋಣಿ ನಡೆಸುವ ಲೈಸೆನ್ಸ್ ಇದೆ. ದಿನಕ್ಕೊಂದು ಊರಿನ ಪಟ್ಟಿಯನ್ನೂ ಕಳಿಸಿದ್ದಾನೆ: ಬೋಡೊ, ರೈನೆ, ನುಸ್‌ಫಿಯೋರ್ಡ್, ಹೆನ್ನಿಂಗ್ಸ್‌ವೇರ್, ಸ್ವೋಲ್ವೇರ್, ಟ್ರೋಲ್‌ಫಿಯೋರ್ಡ್, ಮತ್ತೆ ಬೋಡೊ. ನಮಗೆ ಗೊತ್ತಿರೋದು ಕೃಷ್ಣಾ ನದಿ ದಾಟುವ ದೋಣಿ ಅಷ್ಟೇ. ನನಗೆ ಮೊಣಕಾಲು ನೋವು, ಅವರಿಗೆ ಬಿಪಿ. ಹೋಗಬಹುದಾ?

ಉತ್ತರ: ಹೋಗಿ ಅಕ್ಕಾ. ಆದರೆ ಆ ಪಟ್ಟಿಯನ್ನು ಹರಿದು ಹಾಕಲು ಮಗನಿಗೆ ಹೇಳಿ.

ಅದು ಬಸ್ಸಿನ ಟೈಮ್‌ಟೇಬಲ್ ಇದ್ದ ಹಾಗಿದೆ. ಹಾಯಿದೋಣಿ ಗಂಟೆಗೆ ಐದಾರು ನಾಟಿಕಲ್ ಮೈಲಿ ಹೋದರೆ ಜಾಸ್ತಿ, ಅಂದರೆ ಸುಮಾರು ಹತ್ತು ಕಿಲೋಮೀಟರ್. ಬೋಡೊದಿಂದ ರೈನೆಗೆ ಹೆಚ್ಚುಕಡಿಮೆ ನೂರು ಕಿಲೋಮೀಟರ್ ನೀರಿನ ದಾರಿ. ಬೆಳಗಾವಿಯಿಂದ ಹುಬ್ಬಳ್ಳಿಗೆ ಸೈಕಲ್ ತುಳಿದ ಲೆಕ್ಕ ಹಾಕಿಕೊಳ್ಳಿ, ನಡುವೆ ಧಾಬಾ ಇಲ್ಲ, ಗಿಡದ ನೆರಳಿಲ್ಲ, ಎಡಗಡೆ ಪೂರಾ ತೆರೆದ ಅಟ್ಲಾಂಟಿಕ್. ಈ ನೀರಿಗೆ ವೆಸ್ಟ್‌ಫಿಯೋರ್ಡ್ ಅಂತಾರೆ. ಹೆಸರಲ್ಲಿ ಫಿಯೋರ್ಡ್ ಇದೆ ಅಂತ ಎರಡು ಗುಡ್ಡಗಳ ನಡುವಿನ ಸುಮ್ಮನಿರುವ ನೀರು ಅಂದ್ಕೋಬೇಡಿ. ಅದರ ಬಾಯಿ ನೈಋತ್ಯಕ್ಕೆ ಅಗಲವಾಗಿ ತೆರೆದಿದೆ. ನಮಗೆ ನೈಋತ್ಯದ ಗಾಳಿ ಅಂದ್ರೆ ಮಳೆ ಬಂತು ಅಂತ ಖುಷಿ. ಅಲ್ಲಿ ಅದೇ ದಿಕ್ಕಿನ ಗಾಳಿ ಎರಡು ದಿನ ಬೀಸಿದರೆ ಅಲೆಗಳು ಹೊರಗಿನ ಕಡಲಿಂದ ನೇರವಾಗಿ ಒಳಗೆ ನುಗ್ಗುತ್ತವೆ. ಪಟ್ಟಿಯಲ್ಲಿ ಇದನ್ನು ಎರಡು ಸಲ ದಾಟಬೇಕು, ಅದೂ ಇಂಥ ದಿನವೇ ಅಂತ. ಕೊನೆಯ ದಿನ ದೋಣಿ ವಾಪಸ್ ಕೊಡಬೇಕು, ಮರುದಿನ ವಿಮಾನ ಇದೆ ಅಂದಾಗಲೇ ಹುಡುಗರು ಕೆಟ್ಟ ಹವೆಯಲ್ಲೂ ಹೊರಡೋದು.

ಇದಕ್ಕೆ ಸುಲಭದ ದಾರಿ ಇದೆ. ದೋಣಿಯನ್ನು ಬೋಡೊದಲ್ಲಿ ಹಿಡಿಯಬೇಡಿ, ಸ್ವೋಲ್ವೇರ್‌ನಲ್ಲೇ ಬಾಡಿಗೆಗೆ ತಗೊಳ್ಳಿ. ವೆಸ್ಟ್‌ಫಿಯೋರ್ಡ್ ದಾಟೋ ಕೆಲಸ ದೊಡ್ಡ ಹಡಗಿಗೆ ಬಿಡಿ. ಬೆರ್ಗೆನ್‌ನಿಂದ ಕಿರ್ಕೆನೆಸ್‌ವರೆಗೆ 34 ಬಂದರುಗಳಲ್ಲಿ ನಿಲ್ಲುತ್ತಾ ಹೋಗುವ ಕರಾವಳಿ ಹಡಗು 1893ರಿಂದ ಓಡುತ್ತಿದೆ. ಮಧ್ಯಾಹ್ನ ಬೋಡೊದಲ್ಲಿ ಹತ್ತಿದರೆ ರಾತ್ರಿ ಹೊತ್ತಿಗೆ ಸ್ವೋಲ್ವೇರ್. ಆಮೇಲೆ ದ್ವೀಪಗಳ ಪಕ್ಕದಲ್ಲೇ ಎರಡು ಮೂರು ತಾಸಿನ ಸಣ್ಣ ಸಣ್ಣ ಓಟ. ಏಳು ದಿನದಲ್ಲಿ ಮೂರು ದಿನ ಖಾಲಿ ಇಡಿ. ಖಾಲಿ ಅಂದ್ರೆ ಖಾಲಿನೇ, ‘ಟೈಮ್ ಸಿಕ್ಕರೆ ಟ್ರೋಲ್‌ಫಿಯೋರ್ಡ್’ ಅಂತ ಪೆನ್ಸಿಲ್ಲಿನಲ್ಲೂ ಬರೆಯಬಾರದು.

ಹವೆ ನೋಡಲು ಅಲ್ಲಿಯವರು ಬಳಸುವ ಆ್ಯಪ್ ‘ಇರ್’, ನಾರ್ವೆಯ ಹವಾಮಾನ ಸಂಸ್ಥೆಯದು. ಗಾಳಿಯ ವೇಗ ಅದರಲ್ಲಿ ಸೆಕೆಂಡಿಗೆ ಇಷ್ಟು ಮೀಟರ್ ಅಂತ ಬರುತ್ತೆ. ಎರಡರಿಂದ ಗುಣಿಸಿದರೆ ಸುಮಾರಾಗಿ ನಾಟ್, ಅಂದರೆ ಗಂಟೆಗೆ ಎಷ್ಟು ನಾಟಿಕಲ್ ಮೈಲಿ ಅನ್ನೋ ಲೆಕ್ಕ ಸಿಗುತ್ತೆ. ‘ಕೂಲಿಂಗ್’ ಅನ್ನೋ ಪದ ಕಂಡರೆ ಏಸಿ ಹಾಕ್ತಾರೆ ಅಂತ ನಗಬೇಡಿ. ಅದು ಜೋರು ಗಾಳಿಯ ಎಚ್ಚರಿಕೆ, ಸೆಕೆಂಡಿಗೆ 11 ಮೀಟರ್ ಆಸುಪಾಸಿನಿಂದ ಶುರು. ಆ ದಿನ ನೀವು ಬಂದರಿನಲ್ಲಿ ಚಹಾ ಕುಡಿಯುವ ದಿನ. ಇನ್ನೊಂದು ಮಾತು, ಗುಡ್ಡದ ಮರೆಗೆ ಹೋದರೆ ಗಾಳಿ ಕಡಿಮೆ ಅಂತ ನಮ್ಮ ತಲೆಯಲ್ಲಿರುತ್ತೆ. ಲೋಫೋಟೆನ್‌ನಲ್ಲಿ ಕಡಲಿಂದಲೇ ನೆಟ್ಟಗೆ ಎದ್ದ ಗುಡ್ಡಗಳ ಮೇಲಿಂದ ಗಾಳಿ ಧೊಪ್ಪಂತ ಕೆಳಗೆ ಬೀಳುತ್ತೆ. ಮರೆಯಲ್ಲೇ ಹೊಡೆತ ಜಾಸ್ತಿ.

ಇನ್ನು ಭರತ ಇಳಿತ. ಆಲಮಟ್ಟಿ ಹಿನ್ನೀರು ವಾರಗಟ್ಟಲೆ ಏರುವುದನ್ನು ನೀವು ನೋಡಿದ್ದೀರಿ. ಅಲ್ಲಿ ಆರು ತಾಸಿನಲ್ಲಿ ನೀರು ಎರಡು ಮೀಟರಿಗಿಂತ ಹೆಚ್ಚು ಇಳಿದುಬಿಡಬಹುದು. ನನ್ನದೇ ಒಂದು ಪಜೀತಿ ಹೇಳ್ತೀನಿ. ಹಡಗಿನ ಎಂಜಿನ್ ರೂಮಿನಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವನು ನಾನು, ಕೆಲಸ ಬಿಟ್ಟ ಮೇಲೆ ಗೆಳೆಯನ ಸಣ್ಣ ದೋಣಿಯಲ್ಲಿ ಆ ಕಡೆ ಹೋಗಿದ್ದೆ. ಭರತದ ಹೊತ್ತಿಗೆ ಕಟ್ಟೆಗೆ ದೋಣಿ ಬಿಗಿದೆ, ಚೆನ್ನಾಗಿ ಬಿಗಿದೆ ಅಂತ ಬೆನ್ನು ತಟ್ಟಿಕೊಂಡೆ. ರಾತ್ರಿ ಮೂರಕ್ಕೆ ಕಿರ್‌ರ್ ಅಂತ ಸದ್ದು. ಮೇಜಿನ ಮೇಲಿದ್ದ ಲೋಟ ತಾನಾಗಿ ಉರುಳಿ ಬಿತ್ತು. ನೀರು ಇಳಿದಿತ್ತು, ದೋಣಿ ಒಂದು ಪಕ್ಕಕ್ಕೆ ವಾಲಿ ಹಗ್ಗದಲ್ಲಿ ಜೋತಾಡುತ್ತಿತ್ತು. ಗಂಟು ಬಿಚ್ಚೋಣ ಅಂದ್ರೆ ಕಲ್ಲಾಗಿದೆ. ಬ್ರೆಡ್ ಕತ್ತರಿಸುವ ಚಾಕುವಿನಿಂದ ಹಗ್ಗ ಕುಯ್ದೆ. ರಾತ್ರಿ ಮೂರಕ್ಕೂ ಹಗಲಿನಂಥ ಬೆಳಕು ನೋಡಿ, ಪಕ್ಕದ ಮೀನುಗಾರನೊಬ್ಬ ಆರಾಮವಾಗಿ ಫೋಟೋ ತೆಗೆದ.

ಇದನ್ನು ಹೇಳಿದ್ದು ನಿಮ್ಮ ಮೊಣಕಾಲಿಗಾಗಿ. ಕಲ್ಲಿನ ಕಟ್ಟೆಗೆ ಕಟ್ಟಿದ ದೋಣಿಯಿಂದ ಇಳಿತದ ಹೊತ್ತಿನಲ್ಲಿ ಮೇಲೆ ಬರಬೇಕಾದರೆ ಪಾಚಿ ಹಿಡಿದ ಕಬ್ಬಿಣದ ಏಣಿ ಹತ್ತಬೇಕು. ನೀರಿನ ಜೊತೆಗೇ ಏರಿಳಿಯುವ ತೇಲುವ ಕಟ್ಟೆ ಇರುವ ಬಂದರುಗಳನ್ನೇ ಆರಿಸಲು ಮಗನಿಗೆ ಹೇಳಿ. ದೋಣಿಯ ಒಳಗೆ ಇಳಿಯಲಿಕ್ಕೂ ನಾಲ್ಕೈದು ಕಡಿದಾದ ಮೆಟ್ಟಿಲಿರುತ್ತೆ, ಏಣಿ ಇಳಿಯುವ ಹಾಗೆ ಮೆಟ್ಟಿಲ ಕಡೆ ಮುಖ ಮಾಡಿ ಇಳಿಯಿರಿ. ಕಕ್ಕಸು ಚಿಕ್ಕದು, ಕೈಪಂಪು ಒತ್ತಿ ನೀರು ಬಿಡಬೇಕು. ಯಾರೂ ಮೊದಲೇ ಹೇಳಲ್ಲ ಅಂತ ಹೇಳ್ತಿದ್ದೀನಿ.

ನೀರಿಗೆ ಬೀಳುವ ವಿಷಯ. ಅಲ್ಲಿ ಜುಲೈನಲ್ಲೂ ಕಡಲ ನೀರು 10ರಿಂದ 12 ಡಿಗ್ರಿ ಆಸುಪಾಸು. ತಣ್ಣೀರಿಗೆ ಬಿದ್ದವರ ಬಗ್ಗೆ 1-10-1 ಅಂತ ಒಂದು ಲೆಕ್ಕವಿದೆ. ಮೊದಲ ಒಂದು ನಿಮಿಷ ಉಸಿರು ಹಿಡಿತಕ್ಕೆ ಸಿಗಲ್ಲ, ಆಮೇಲೆ ಹತ್ತು ನಿಮಿಷ ಕೈಕಾಲು ಮಾತು ಕೇಳುತ್ತೆ, ಸುಮಾರು ಒಂದು ತಾಸಿಗೆ ಎಚ್ಚರ ತಪ್ಪಬಹುದು. ಈಜು ಬರುತ್ತೆ ಅನ್ನೋದು ಅಲ್ಲಿ ದೊಡ್ಡ ಮಾತಲ್ಲ. ಲೈಫ್ ಜಾಕೆಟ್ ಹಾಕಿಕೊಂಡೇ ಇರಿ, ಸೀಟಿನ ಕೆಳಗೆ ಇಟ್ಟರೆ ಅದು ಸೀಟಿಗೆ ಉಪಯೋಗ. ರೇಡಿಯೋದ 16ನೇ ಚಾನೆಲ್‌ನಲ್ಲಿ ಸಹಾಯ ಕೇಳೋದನ್ನು ಐದೂ ಜನ ಕಲಿಯಿರಿ, ಲೈಸೆನ್ಸ್ ಇರುವವನೇ ನೀರಿಗೆ ಬಿದ್ದರೆ?

ಬಟ್ಟೆ ಉಣ್ಣೆಯದೇ ಆಗಬೇಕು, ಕಾಟನ್ ಒದ್ದೆಯಾದರೆ ಮೈಗಂಟಿ ಚಳಿ ಹೆಚ್ಚಿಸುತ್ತೆ. ನಮ್ಮ ಕುರಿ ಕಂಬಳಿ ಇದಕ್ಕೆ ಹೇಳಿ ಮಾಡಿಸಿದ್ದು, ಆದರೆ ವಿಮಾನದಲ್ಲಿ ಅದರ ತೂಕಕ್ಕೇ ಲಗೇಜು ಮುಗಿಯುತ್ತೆ. ಬಿಪಿ ಗುಳಿಗೆ ಎರಡು ಪಟ್ಟು ಒಯ್ಯಿರಿ, ಕೈಚೀಲದಲ್ಲೇ ಇರಲಿ, ಜೊತೆಗೆ ಡಾಕ್ಟರ ಚೀಟಿ. ವಾಂತಿ ಗುಳಿಗೆಯನ್ನು ಹೊರಡುವ ಮುಂಚೆಯೇ ತಗೋಬೇಕು, ಯಜಮಾನರ ಬಿಪಿ ಗುಳಿಗೆಗೆ ಅದು ಹೊಂದುತ್ತಾ ಅಂತ ನಿಮ್ಮ ಡಾಕ್ಟರನ್ನೇ ಕೇಳಿ. ವೀಸಾ ಷೆಂಗೆನ್, ಅಂದರೆ ಯೂರೋಪಿನ ಹಲವು ದೇಶಗಳಿಗೆ ಸೇರಿ ಒಂದೇ ವೀಸಾ, ಆರು ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು. ಅದಕ್ಕೆ ಕನಿಷ್ಠ 30,000 ಯೂರೋದ ವಿಮೆ ಬೇಕೇ ಬೇಕು. ಆ ವಿಮೆಯಲ್ಲಿ ಹಾಯಿದೋಣಿ ಪ್ರಯಾಣ ಹೊರಗಿಟ್ಟಿದ್ದಾರಾ ಅಂತ ಸಣ್ಣಕ್ಷರ ಓದಿ.

ಪ್ರಶ್ನೆ: ನಾವು ಬೆಳಗಾವಿ ಉದ್ಯಮಬಾಗದ ನಾಲ್ವರು ಗೆಳೆಯರು, ಎಲ್ಲರೂ ಮಷಿನ್ ಶಾಪ್‌ನವರು. ಡೀಸೆಲ್ ಎಂಜಿನ್ ನಮಗೆ ಹೊಸದಲ್ಲ. ಜಿಪಿಎಸ್ ಇದ್ದರೆ ನಾವೇ ದೋಣಿ ತಗೊಂಡು ಆ ಕಡಲಲ್ಲಿ ಹೋಗಬಹುದಲ್ವಾ?

ಉತ್ತರ: ಇಲ್ಲ. ನಾರ್ವೆಯಲ್ಲಿ 1980ರ ಜನವರಿ 1 ಅಥವಾ ಆಮೇಲೆ ಹುಟ್ಟಿದವರು 8 ಮೀಟರಿಗಿಂತ ಉದ್ದದ ಅಥವಾ 25 ಅಶ್ವಶಕ್ತಿ ಮೀರಿದ ದೋಣಿ ನಡೆಸಲು ಪ್ರಮಾಣಪತ್ರ ಬೇಕು. ಅದಿದ್ದರೂ ಬಾಡಿಗೆ ಕೊಡುವವರು ಅನುಭವ ಕೇಳ್ತಾರೆ. ಎಂಜಿನ್ ಕೆಟ್ಟರೆ ನೀವು ರಿಪೇರಿ ಮಾಡ್ತೀರಿ, ಒಪ್ಪಿದೆ. ಕಲ್ಲಿಗೆ ಹೊಡೆದರೆ ಏನು ಮಾಡ್ತೀರಿ? ಆ ತೀರದ ತುಂಬಾ ನೀರಿನ ಒಂದು ಗೇಣು ಕೆಳಗೆ ಬಂಡೆಗಳು. ಪರದೆಯ ಮೇಲಿನ ನಕಾಶೆಯನ್ನು ಸಣ್ಣ ಮಾಡಿ ನೋಡಿದರೆ ಎಷ್ಟೋ ಬಂಡೆಗಳು ಕಾಣಿಸೋದೇ ಇಲ್ಲ, ದೊಡ್ಡದು ಮಾಡಿದಾಗ ಮಾತ್ರ ಬರುತ್ತವೆ. ಅದಕ್ಕೇ ಅಲ್ಲಿ ಬಂಡೆಗಳ ಮೇಲೆ ಕಬ್ಬಿಣದ ಕಂಬ ನೆಟ್ಟಿದ್ದಾರೆ. ಕಂಬದ ತುದಿಯಲ್ಲಿ ಅಡ್ಡಕ್ಕೆ ಒಂದು ಕೈ ಚಾಚಿರುತ್ತೆ, ಅದು ತೋರಿಸುವ ಕಡೆ ದೋಣಿ ಹೋಗಬೇಕು. ದೂರದಿಂದ ಆ ಕೈ ಯಾವ ಕಡೆಗಿದೆ ಅಂತ ಗೊತ್ತಾಗಲ್ಲ, ಹತ್ತಿರ ಹೋದರೆ ತಡವಾಗಿರುತ್ತೆ. ದುರ್ಬೀನು ಅದಕ್ಕೇ.

ಬೋಡೊ ಹತ್ತಿರ ಸಾಲ್ಟ್‌ಸ್ಟ್ರೌಮೆನ್ ಅಂತ ಒಂದು ಕಿರಿದಾದ ಕಾಲುವೆ ಇದೆ, ಅಗಲ ಬರೀ 150 ಮೀಟರ್. ಭರತ ಇಳಿತದ ಅಷ್ಟೂ ನೀರು ಅದರಲ್ಲೇ ನುಗ್ಗಬೇಕು. ಜಗತ್ತಿನ ಅತಿ ಜೋರಾದ ಕಡಲ ಸೆಳೆತಗಳಲ್ಲಿ ಅದೂ ಒಂದು, ಸುಳಿ ತಿರುಗೋದು ಮೇಲಿನ ಸೇತುವೆಯಿಂದಲೇ ಕಾಣುತ್ತೆ. ನೀವು ಸೇತುವೆ ಮೇಲೇ ನಿಂತು ನೋಡಿ. ಮೊದಲ ಸಲ ನಡೆಸುವವನ ಸಮೇತ ದೋಣಿ ಬಾಡಿಗೆಗೆ ತಗೊಳ್ಳಿ. ಅದಕ್ಕೂ ಮುಂಚೆ ಚೋರ್ಲಾ ಘಾಟ್ ಇಳಿದು ಗೋವಾಕ್ಕೆ ಹೋಗಿ ಹಾಯಿ ಕಲಿಯಿರಿ. ಹೇಗೂ ತಿಂಗಳಿಗೊಮ್ಮೆ ಹೋಗ್ತೀರಲ್ಲ, ಒಂದು ಸಲ ನೀರಿಗಾಗಿ ಹೋಗಿ.

ಪ್ರಶ್ನೆ: ವಿಜಯಪುರದ ಕಾಲೇಜು ಹುಡುಗ ನಾನು. ಮಧ್ಯರಾತ್ರಿ ಸೂರ್ಯ, ಆಕಾಶದ ಹಸಿರು ಬೆಳಕು, ಹಿಮಕರಡಿ, ಮೂರನ್ನೂ ಲೋಫೋಟೆನ್‌ನಲ್ಲಿ ಒಂದೇ ಟ್ರಿಪ್‌ನಲ್ಲಿ ನೋಡಲು ಯಾವ ತಿಂಗಳು ಸರಿ?

ಉತ್ತರ: ಯಾವ ತಿಂಗಳೂ ಸರಿಯಲ್ಲ ತಮ್ಮಾ. ಸೂರ್ಯ ಮುಳುಗದಿರೋದು ಮೇ ಕೊನೆಯಿಂದ ಜುಲೈ ಮಧ್ಯದವರೆಗೆ. ಆಗ ಕತ್ತಲೇ ಇಲ್ಲ, ಹಸಿರು ಬೆಳಕು ಕಾಣೋದೆಲ್ಲಿ? ಅದಕ್ಕೆ ಸೆಪ್ಟೆಂಬರಿನಿಂದ ಮಾರ್ಚ್. ಹಿಮಕರಡಿ ಅಲ್ಲಿಲ್ಲ, ಅದು ಇನ್ನೂ ಬಹಳ ಉತ್ತರಕ್ಕೆ, ಸ್ವಾಲ್‌ಬಾರ್ಡ್ ದ್ವೀಪಗಳಲ್ಲಿ. ಅವು ನಾರ್ವೆಯವೇ, ಆದರೆ ಷೆಂಗೆನ್ ಹೊರಗೆ. ಅಲ್ಲಿಗೆ ವೀಸಾ ಬೇಡ, ಆದರೆ ನಾರ್ವೆ ಮೂಲಕ ಹೋಗಿ ಬರುವುದಾದರೆ ಎರಡು ಸಲ ಒಳಗೆ ಬಿಡುವ ಷೆಂಗೆನ್ ವೀಸಾ ಬೇಕು. ಇದನ್ನು ಮರೆತರೆ ಕರಡಿ ನೋಡಿ ವಾಪಸ್ ಬರೋದು ಕಷ್ಟ.

ಪ್ರಶ್ನೆ: ಗೋಕಾಕದಿಂದ ಬರೆಯುತ್ತಿದ್ದೇನೆ. ತಂಗಿ ಮನೆಯವರ ಜೊತೆ ಅದೇ ಕಡೆ ದೋಣಿಯಲ್ಲಿ ಹೊರಟಿದ್ದೇವೆ. ಊರಿಂದ ಏನು ತಿನಿಸು ಒಯ್ಯಬಹುದು?

ಉತ್ತರ: ಕುಂದಾ ಬೇಡ. ಹೊರದೇಶದಿಂದ ಹಾಲಿನ ಪದಾರ್ಥ, ಮಾಂಸ ಅಲ್ಲಿಗೆ ತರುವಂತಿಲ್ಲ, ವಿಮಾನ ನಿಲ್ದಾಣದಲ್ಲೇ ಕಸದ ಡಬ್ಬಿಗೆ ಹೋಗುತ್ತೆ. ನಿಮ್ಮೂರ ಕರದಂಟಿನಲ್ಲೂ ತುಪ್ಪ ಇರುತ್ತೆ, ಹೊರಡುವ ಮುಂಚೆ ಅವರ ಕಸ್ಟಮ್ಸ್ ನಿಯಮ ನೋಡಿಕೊಳ್ಳಿ. ಕಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಒಯ್ಯಿರಿ. ದೋಣಿ ವಾಲಿದಾಗ ಒಲೆ ಹಚ್ಚಲು ಆಗಲ್ಲ, ಆಗ ಒಂದು ಕೈಯಲ್ಲಿ ಹಿಡಿದು ತಿನ್ನುವಂಥದ್ದೇ ಬೇಕು. ಕಡಲ ತೇವಕ್ಕೆ ರೊಟ್ಟಿ ಒಂದೇ ದಿನದಲ್ಲಿ ಮೆತ್ತಗಾಗುತ್ತೆ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಹಾಕಿ. ಚಟ್ನಿಗೆ ಮೊಸರು ಅಲ್ಲೇ ಸಿಗುತ್ತೆ.