ಎಂಜಿನ್ ಬದಲಾಯಿತು, ಸೆಲ್ಫ್ ಮಾತ್ರ ಹೊಡೆಯುತ್ತಿಲ್ಲ

ಪ್ರಶ್ನೆ: ನಮ್ಮ ಹಳೆಯ ಮಾರುತಿ 800ಕ್ಕೆ ಸೆಕೆಂಡ್ ಹ್ಯಾಂಡ್ ಎಂಜಿನ್ ಕೂರಿಸಿದ್ದೇವೆ. ಸೆಲ್ಫ್ ಹಳೆಯದೇ, ಮೊದಲು ಚೆನ್ನಾಗಿ ಹೊಡೆಯುತ್ತಿತ್ತು. ಈಗ ಕೀ ತಿರುಗಿಸಿದರೆ ‘ಟಕ್’ ಅನ್ನುತ್ತದೆ, ಅಷ್ಟೇ. ಹೆಡ್‌ಲೈಟು, ಹಾರ್ನು ಸರಿ ಇವೆ. ಬ್ಯಾಟರಿ ಚಾರ್ಜ್ ಮಾಡಿಸಿದ್ದೂ ಆಯಿತು. ಸೆಲ್ಫ್ ಬದಲಿಸಿ ಎನ್ನುತ್ತಿದ್ದಾರೆ. ಬದಲಿಸಬೇಕೇ?
– ಓದುಗರು, ಶಿರಸಿ

ಉತ್ತರ: ಈಗಲೇ ಬೇಡ. ಸರಿ ಇದ್ದ ಸೆಲ್ಫ್ ಎಂಜಿನ್ ಇಳಿಸಿ ಏರಿಸುವಷ್ಟರಲ್ಲಿ ಕೆಡುವುದು ಅಪರೂಪ. ಬಿಚ್ಚಿದ್ದರಲ್ಲಿ ಮರಳಿ ಕಟ್ಟದೆ ಉಳಿದದ್ದು ಯಾವುದು ಎಂದು ಹುಡುಕಿ. ನಮ್ಮ ಮೊದಲ ಅನುಮಾನ ಎಂಜಿನ್ನಿನ ಅರ್ಥ್ ಕೇಬಲ್ ಮೇಲೆ.

ಎಂಜಿನ್ ಕೂತಿರುವುದು ರಬ್ಬರ್ ಮೌಂಟಿಂಗ್ ಮೇಲೆ. ರಬ್ಬರಿನಲ್ಲಿ ಕರೆಂಟ್ ಹರಿಯದು. ಆದ್ದರಿಂದ ಬ್ಯಾಟರಿಯ ಮೈನಸ್‌ಗೂ ಎಂಜಿನ್ ಅಥವಾ ಗೇರ್‌ಬಾಕ್ಸಿಗೂ ನಡುವೆ ದಪ್ಪ ಕೇಬಲ್ ಬೇಕೇ ಬೇಕು. ಅದು ಬಿಟ್ಟುಹೋದರೂ ಲೈಟು, ಹಾರ್ನು ಬಾಡಿಯ ಅರ್ಥ್‌ನಲ್ಲೇ ನಡೆಯುತ್ತವೆ. ಅವು ನಡೆದವೆಂದು ಸೆಲ್ಫ್‌ಗೂ ಕರೆಂಟ್ ಸಾಕಾಗುತ್ತಿದೆ ಅಂದುಕೊಳ್ಳುವಂತಿಲ್ಲ. 55 ವ್ಯಾಟಿನ ಒಂದು ಬಲ್ಬಿಗೆ 5 ಆಂಪಿಯರ್ ಸಾಕು, ಸೆಲ್ಫ್‌ಗೆ 100 ಆಂಪಿಯರಿಗೂ ಹೆಚ್ಚು ಬೇಕು. ದಾರಿ ಸಿಗದ ಆ ಕರೆಂಟ್ ಕ್ಲಚ್ ಕೇಬಲ್, ಆಕ್ಸಿಲರೇಟರ್ ಕೇಬಲ್ ಮೂಲಕ ನುಸುಳುತ್ತದೆ. ಕೀ ತಿರುಗಿಸಿದಾಗ ಈ ಕೇಬಲ್‌ಗಳು ಬಿಸಿಯಾದರೆ ಕಳ್ಳ ಸಿಕ್ಕಿದ ಹಾಗೆ. ಹಾಗೆಂದು ಕೀ ಹಿಡಿದೇ ಇರಬೇಡಿ, ಒಳಗಿನ ಪ್ಲಾಸ್ಟಿಕ್ ಕರಗಿ ಕೇಬಲ್ ಸಿಕ್ಕಿಹಾಕಿಕೊಳ್ಳುತ್ತದೆ.

ಪರೀಕ್ಷೆ ಸುಲಭ. ಗೇರ್ ನ್ಯೂಟ್ರಲ್‌ಗೆ ತಂದು ಹ್ಯಾಂಡ್ ಬ್ರೇಕ್ ಎಳೆಯಿರಿ. ಜಂಪರ್ ಕೇಬಲಿನ ಒಂದು ತುದಿ ಬ್ಯಾಟರಿ ಮೈನಸ್‌ಗೆ, ಇನ್ನೊಂದು ಎಂಜಿನ್ ಮೇಲಿನ ಪೇಂಟ್ ಇಲ್ಲದ ಬೋಲ್ಟಿಗೆ ಕಚ್ಚಿಸಿ ಕೀ ತಿರುಗಿಸಿ. ಸೆಲ್ಫ್ ಹೊಡೆದರೆ ಹೊಸ ಸೆಲ್ಫ್‌ನ ದುಡ್ಡು ಉಳಿಯಿತು.

ಹೊಡೆಯದಿದ್ದರೆ ಮಲ್ಟಿಮೀಟರ್ ತೆಗೆದು 20 ವೋಲ್ಟ್ ಡಿಸಿಗೆ ಇಡಿ. ಪೂರ್ತಿ ಚಾರ್ಜ್ ಆದ ಬ್ಯಾಟರಿ ಸುಮ್ಮನಿದ್ದಾಗ 12.6 ತೋರಿಸಬೇಕು. ಇನ್ನೊಬ್ಬರಿಂದ ಕೀ ತಿರುಗಿಸಿ ನೋಡಿ. ‘ಟಕ್’ ಅಂದಾಗಲೂ 12ರ ಆಸುಪಾಸಿನಲ್ಲೇ ನಿಂತರೆ ಕರೆಂಟ್ ಹರಿಯುತ್ತಲೇ ಇಲ್ಲ. 6–7ಕ್ಕೆ ಕುಸಿದರೆ ಬ್ಯಾಟರಿ ಸತ್ತಿದೆ, ಇಲ್ಲವೇ ಎಂಜಿನ್ ಜಾಮ್ ಆಗಿದೆ. 12ರ ಆಸುಪಾಸಿನಲ್ಲೇ ನಿಂತಿದ್ದರೆ ಕೀ ತಿರುಗಿಸಿಟ್ಟಂತೆಯೇ ಬ್ಯಾಟರಿ ಮೈನಸ್ಸಿನಿಂದ ಎಂಜಿನ್ ಲೋಹಕ್ಕೆ ಅಳೆಯಿರಿ: 0.2 ವೋಲ್ಟಿಗಿಂತ ಹೆಚ್ಚಿದ್ದರೆ ಅರ್ಥ್ ಸರಿಯಿಲ್ಲ. ಬ್ಯಾಟರಿ ಪ್ಲಸ್ಸಿನಿಂದ ಸೆಲ್ಫ್‌ನ ದಪ್ಪ ಬೋಲ್ಟಿಗೆ 0.5 ಮೀರಿದರೆ ತಪ್ಪು ಪ್ಲಸ್ ಕೇಬಲ್‌ನದು. ಎರಡೂ ಸರಿಯಿದ್ದು ಬರೀ ‘ಟಕ್’ ಅಂದರೆ ಆಗ ಸೆಲ್ಫ್ ಬಿಚ್ಚಿ.

ಎಂಜಿನ್ ಜಾಮ್ ಎಂಬ ಮಾತನ್ನು ಹಗುರವಾಗಿ ತಳ್ಳಿಹಾಕಬೇಡಿ. ಗುಜರಿಯಲ್ಲಿ ಮಳೆಗೆ ನೆಂದ ಎಂಜಿನ್ನಿನ ಸಿಲಿಂಡರಿಗೆ ನೀರಿಳಿದಿರಬಹುದು. ಸ್ಪಾರ್ಕ್ ಪ್ಲಗ್ ಮೂರನ್ನೂ ಬಿಚ್ಚಿ, ಕ್ರ್ಯಾಂಕ್ ಪುಲ್ಲಿಯ (ಬೆಲ್ಟ್ ಓಡಿಸುವ ಕೆಳಗಿನ ಗಾಲಿಯ) ಬೋಲ್ಟಿಗೆ ಸ್ಪಾನರ್ ಹಾಕಿ ಗಡಿಯಾರದ ದಿಕ್ಕಿನಲ್ಲಿ ಎರಡು ಪೂರ್ತಿ ಸುತ್ತು ತಿರುಗಿಸಿ. ತಿರುಗಲಿಲ್ಲವಾದರೆ ಸೆಲ್ಫ್‌ನ ತಪ್ಪೇನಿಲ್ಲ. ಇದನ್ನು ನೋಡುವ ಮೊದಲು ದೇವಿಮನೆ ಘಟ್ಟದ ಇಳಿಜಾರಿನಲ್ಲಿ ತಳ್ಳಿ ಸ್ಟಾರ್ಟ್ ಮಾಡುವ ಸಾಹಸ ಬೇಡ. ಒಳಗೆ ನೀರಿದ್ದರೆ ಪಿಸ್ಟನ್ನನ್ನು ಹಿಡಿದಿರುವ ಕನೆಕ್ಟಿಂಗ್ ರಾಡ್ ಬಾಗುತ್ತದೆ.

ಅರ್ಥ್ ಕಟ್ಟುವಾಗ ಒಂದು ಎಚ್ಚರ. ಇಂಥ ಎಂಜಿನ್‌ಗಳಿಗೆ ಚಂದಕ್ಕೆಂದು ಪೇಂಟ್ ಹೊಡೆದಿರುತ್ತಾರೆ. ಕೇಬಲ್ ಕೂರುವ ಜಾಗ, ಸೆಲ್ಫ್ ಕೂರುವ ಮುಖ ಎರಡನ್ನೂ ಎಮರಿ ಪೇಪರಿನಿಂದ ಲೋಹ ಹೊಳೆಯುವವರೆಗೆ ಉಜ್ಜಿ. 16ರಿಂದ 25 ಚದರ ಮಿಲಿಮೀಟರಿನ ತಾಮ್ರದ ಕೇಬಲಿಗೆ ಲಗ್ (ಬೋಲ್ಟಿಗೆ ಕೂರುವ ಲೋಹದ ತುದಿ) ಒತ್ತಿಸಿ ಬಿಗಿ ಮಾಡಿ.

‘ಟಕ್’ ಸದ್ದೂ ಇಲ್ಲದ ಗಾಡಿಯಲ್ಲಿ ಹುಡುಕುವ ಜಾಗ ಬೇರೆ: ಸೊಲೆನಾಯ್ಡಿಗೆ (ಸೆಲ್ಫ್‌ಗೆ ಕರೆಂಟ್ ಬಿಡುವ ಸ್ವಿಚ್ಚಿಗೆ) ಬರುವ ತೆಳು ವಯರು. ಸಿಕ್ಕಿಸುವ ಕ್ಲಿಪ್ಪು ಬಿಟ್ಟುಹೋಗಿ ಹಿಂದೆ ನೇತಾಡುತ್ತಿರುತ್ತದೆ. ಕೀ ತಿರುಗಿಸಿದಾಗ ಅಲ್ಲಿ ಬ್ಯಾಟರಿಯ ವೋಲ್ಟೇಜ್ ಬರಬೇಕು.

ಅಂದಹಾಗೆ, ಎಂಜಿನ್ ನಂಬರ್ ಬದಲಾದದ್ದು ನಿಮ್ಮ ಆರ್‌.ಸಿ.ಯಲ್ಲೂ ದಾಖಲಾಗಬೇಕು. ಖರೀದಿ ಬಿಲ್ ಹಿಡಿದು ಆರ್‌ಟಿಒ ಕಚೇರಿಗೆ ಹೋಗಿಬನ್ನಿ.

ಪ್ರಶ್ನೆ: ಸಮುದ್ರದ ಹತ್ತಿರ ಮನೆ. ಬ್ಯಾಟರಿ ಟರ್ಮಿನಲ್, ಅರ್ಥ್ ಪಟ್ಟಿ ಪ್ರತಿ ಮಳೆಗಾಲ ಕಿಲುಬು ಹಿಡಿಯುತ್ತವೆ. ಏನು ಮಾಡಲಿ?
– ಓದುಗರು, ಕಾರವಾರ

ಉತ್ತರ: ಉಪ್ಪುಗಾಳಿಗೆ ಹೆಣೆದ ತಾಮ್ರದ ಪಟ್ಟಿ ಒಗ್ಗದು, ಎಳೆಗಳ ನಡುವೆ ನೀರು ಹೀರಿ ಕೂರುತ್ತದೆ. ಪ್ಲಾಸ್ಟಿಕ್ ಹೊದಿಕೆಯ ಕೇಬಲ್ ಹಾಕಿಸಿ. ಲಗ್‌ನ ಬುಡಕ್ಕೆ ಅಂಟು ಇರುವ ಹೀಟ್ ಶ್ರಿಂಕ್ (ಬಿಸಿ ಮಾಡಿದರೆ ಕುಗ್ಗಿ ಬಿಗಿಯಾಗುವ) ಕೊಳವೆ ಏರಿಸಿ. ಟರ್ಮಿನಲ್‌ನ ಪುಡಿಯನ್ನು ಒಂದು ಲೋಟ ಬಿಸಿನೀರಿಗೆ ಒಂದು ಚಮಚ ಅಡುಗೆ ಸೋಡಾ ಹಾಕಿ ತೊಳೆಯಿರಿ, ಆದರೆ ಬ್ಯಾಟರಿಯ ಮುಚ್ಚಳದೊಳಗೆ ಒಂದು ಹನಿಯೂ ಇಳಿಯಕೂಡದು. ಮೈನಸ್ ಮೊದಲು ಬಿಚ್ಚಿ, ಕೊನೆಗೆ ಹಾಕಿ. ವ್ಯಾಸಲಿನ್ ಸವರುವುದು ಬಿಗಿ ಮಾಡಿದ ನಂತರ. ಹೊದಿಕೆ ಸೀಳಿ ನೋಡಿದಾಗ ಒಳಗಿನ ಎಳೆಗಳೂ ಹಸಿರಾಗಿದ್ದರೆ ಉಜ್ಜುತ್ತಾ ಕೂರಬೇಡಿ, ಕೇಬಲ್ಲನ್ನೇ ಬದಲಿಸಿ.