ಒಂದೇ ಗೋಡೆಗೆ ಹೊಸ ಬಣ್ಣ

ಮೂರು ಪುಟದ ಪತ್ರ, ಅದರಲ್ಲಿ ಎರಡೂವರೆ ಪುಟ ಬರೀ ಮೊಳೆ! ಹೊಸ ಬಾಡಿಗೆ ಮನೆಗೆ ಬಂದು ಒಂಬತ್ತು ದಿನ. ಗೋಡೆಗೆ ಒಂದು ಮೊಳೆಯೂ ಬೀಳಕೂಡದು ಅಂತ ಓನರ್ ತಾಕೀತು ಮಾಡಿದ್ದಾರೆ. ಅಮ್ಮನ ಫೋಟೋ ಇನ್ನೂ ರಟ್ಟಿನ ಡಬ್ಬದಲ್ಲೇ ಇದೆಯೆಂದು ನಿಮ್ಮ ಯಜಮಾನರಿಗೆ ಮುನಿಸು. ಮನೆ ಕೊಡಿಸಿದ ಭಾವನವರು "ಓನರ್ ನಮ್ಮವರೇ, ಕರಾರು ಗಿರಾರು ಅಂತ ಕೂರಬೇಡಿ" ಅಂದಿದ್ದಾರೆ. ಯಾರ ಮಾತು ಕೇಳಲಿ ಅನ್ನುವುದು ನಿಮ್ಮ ಪ್ರಶ್ನೆ.

ಮೊಳೆ ಬಿಡಿ. ಫೋಟೋ ಸದ್ಯಕ್ಕೆ ಮೇಜಿನ ಮೇಲಿರಲಿ, ಅಮ್ಮನೇನೂ ಬೇಜಾರು ಮಾಡಿಕೊಳ್ಳುವುದಿಲ್ಲ. ನನ್ನನ್ನು ಕುಟುಕಿದ್ದು ಕೊನೆಗೆ ನೀವು ಸುಮ್ಮನೆ ಸೇರಿಸಿದ ಒಂದು ಸಾಲು: "ಬೀರು ಇಟ್ಟಿರುವ ಗೋಡೆಗೆ ಮಾತ್ರ ಹೊಸದಾಗಿ ಪೇಂಟ್ ಹೊಡೆಸಿಕೊಟ್ಟಿದ್ದಾರೆ, ಪಾಪ."

ಪಾಪ ಅನ್ನಬೇಕಾದ್ದು ನಿಮಗೆ. ನಾಲ್ಕು ಗೋಡೆಯಿರುವ ಕೋಣೆಯಲ್ಲಿ ಒಂದಕ್ಕೆ ಮಾತ್ರ ಬಣ್ಣ ಹೊಡೆಸಿದ್ದೇಕೆ? ಅದರ ಆಚೆ ಬಚ್ಚಲೋ ನೀರಿನ ಪೈಪೋ ಇದೆಯಾ ನೋಡಿ. ಸೋರಿಕೆ ನಿಲ್ಲಿಸದೆ ಬೂಷ್ಟಿನ ಮೇಲೆ ಬಣ್ಣ ಬಳಿದರೆ ಬೂಷ್ಟು ಸಾಯುವುದಿಲ್ಲ, ಸ್ವಲ್ಪ ದಿನ ಮರೆಯಾಗಿರುತ್ತದೆ, ಅಷ್ಟೆ. ಆಮೇಲೆ ಬಣ್ಣ ಗುಳ್ಳೆ ಎದ್ದು ಚಕ್ಕೆಚಕ್ಕೆಯಾಗಿ ಉದುರುತ್ತದೆ. ಬುಡದಲ್ಲಿ ಬಿಳಿ ಪುಡಿ ಕೈಗಂಟಿದರೆ ಅದು ಸುಣ್ಣವೆಂದುಕೊಳ್ಳಬೇಡಿ. ಗೋಡೆಯೊಳಗಿನ ತೇವ ಹೊರಗೆ ತಂದ ಉಪ್ಪೂ ಇರಬಹುದು. ಇದಕ್ಕೆ ಸರಿಯಾಗಿ ನೀವು ಬೀರುವನ್ನು ಗೋಡೆಗೆ ಅಂಟಿಸಿ ನಿಲ್ಲಿಸಿದ್ದೀರಿ. ಹಿಂದೆ ಗಾಳಿಯಾಡದಿದ್ದರೆ ಬೂಷ್ಟಿಗೆ ಹಬ್ಬ.

ಹಾಗೇನೂ ಇಲ್ಲದಿರಬಹುದು. ಇದ್ದರೆ ಮಾತ್ರ, ಮನೆ ಖಾಲಿ ಮಾಡುವ ದಿನ "ಗೋಡೆ ಕೆಡಿಸಿದ್ದು ನೀವೇ" ಅನ್ನುತ್ತಾರೆ, ಅಡ್ವಾನ್ಸಿನಲ್ಲಿ ಮುರಿದುಕೊಳ್ಳುತ್ತಾರೆ. ನಾನೇ ಒಮ್ಮೆ, ನನಗಿಂತ ಮೊದಲೇ ಬಿರುಕು ಬಿಟ್ಟಿದ್ದ ಸಿಂಕಿಗೆ ದುಡ್ಡು ತೆತ್ತು ಬಂದವಳು. ಫೋಟೋ ಇರಲಿಲ್ಲ, ಬಾಯಿಮಾತಿತ್ತು.

ಓನರ್ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ, ಅವರು ಅವರ ಗೋಡೆ ನೋಡಿಕೊಳ್ಳುತ್ತಿದ್ದಾರೆ. ಸಿಟ್ಟು ನಿಮ್ಮ ಭಾವನವರ ಮೇಲೆ. ಅಡ್ವಾನ್ಸ್ ಕೊಟ್ಟವರು ನೀವು, ದೊಡ್ಡಸ್ತಿಕೆ ಅವರದು! ನೆಂಟರ ಮೂಲಕ ಸಿಕ್ಕ ಮನೆಗೇ ಕರಾರು ಎರಡು ಪಟ್ಟು ಬಿಗಿಯಾಗಿರಬೇಕು ಅಂತ ಈ ಅಂಕಣದಲ್ಲಿ ಎಷ್ಟು ಸಲ ಗೋಳಾಡಿದ್ದೇನೋ. ಮುಂದೆ ಜಗಳವಾದರೆ ಅವರು ಯಾರ ಕಡೆ ನಿಲ್ಲುತ್ತಾರೆ, ಕೇಳಿ ನೋಡಿ.

ಅದಿರಲಿ. ಇವತ್ತು ಸಂಜೆ ಬೀರು ಸರಿಸಿ. ಆ ಗೋಡೆಯನ್ನು ಮೇಲಿಂದ ಬುಡದವರೆಗೆ ಫೋಟೋ ತೆಗೆದು, "ನಾವು ಬಂದಾಗ ಗೋಡೆ ಹೀಗಿದೆ, ಯಾಕೆ ಪೇಂಟ್ ಮಾಡಿಸಿದಿರಿ ತಿಳಿಸಿ" ಅಂತ ಮರ್ಯಾದೆಯಿಂದ ಓನರಿಗೆ ಮೆಸೇಜ್ ಕಳಿಸಿ. ಮೀಟರ್ ರೀಡಿಂಗೂ ಬೀಗದ ಕೈಗಳ ಲೆಕ್ಕವೂ ಅದರಲ್ಲೇ ಇರಲಿ. ಭಾವನವರನ್ನು ಕೇಳಬೇಡಿ. ಬೀರು ಭಾರ ಇರುತ್ತೆ, ಯಜಮಾನರನ್ನು ಕರೆಯಿರಿ. ಮುನಿಸಿದ್ದರೂ ಒಂದು ಕೈ ಹಿಡಿಯಬಹುದಲ್ಲ.