ಹಳೆ ಚಿತ್ರಪುಸ್ತಕಗಳು ಈಗಲೂ ನಡೆಯುತ್ತವಾ?

ಐವತ್ತಕ್ಕೂ ಹೆಚ್ಚು ವರ್ಷ ಹಳೆಯ ಇಂಗ್ಲಿಷ್ ಚಿತ್ರಪುಸ್ತಕಗಳನ್ನು ಈಗಿನ ಮಕ್ಕಳಿಗೆ ಕೊಡಿಸಬಹುದಾ, ಇಲ್ಲ ಹೆಸರಷ್ಟೇ ದೊಡ್ಡದಾ ಅಂತ ಕೇಳಿದ್ದೀರಿ. ಹಿಂದೆ ಅಕ್ಕನ ಮಕ್ಕಳಿಗೆ ಓದಿದ್ದ ಮೂರನ್ನು ಈಗ ನನ್ನ ನಾಲ್ಕು ವರ್ಷದ ಮಗಳಿಗೆ ಓದುತ್ತಿದ್ದೇನೆ.

ಎರಿಕ್ ಕಾರ್ಲ್ ಅವರ 'ದಿ ವೆರಿ ಹಂಗ್ರಿ ಕ್ಯಾಟರ್‌ಪಿಲ್ಲರ್' 1969ರದು, ಹೊಟ್ಟೆಬಾಕ ಕಂಬಳಿಹುಳು ಒಂದರ ಕಥೆ. ನಾನು ಶಿಡ್ಲಘಟ್ಟದ ಕಡೆ ರೇಷ್ಮೆ ಸಾಕುವ ಮನೆಯಲ್ಲಿ ಬೆಳೆದವಳು. ಹಾಗಾಗಿ ಈ ಹುಳುವಿನ ಮೇಲೆ ತಕರಾರು ಸ್ವಲ್ಪ ಜಾಸ್ತಿ. ಹಿಪ್ಪುನೇರಳೆ ಸೊಪ್ಪು ಬಿಟ್ಟು ಬೇರೇನನ್ನೂ ಮುಟ್ಟದ ಹುಳು ನೋಡಿದವಳು ನಾನು. ಇದು ಶನಿವಾರ ಒಂದೇ ದಿನ ಕೇಕು, ಐಸ್‌ಕ್ರೀಮು, ಸಾಸೇಜು, ಕಲ್ಲಂಗಡಿ ಎಲ್ಲ ತಿನ್ನುತ್ತದೆ! ಆಮೇಲೆ ಗೂಡು ಕಟ್ಟಿ ಚಿಟ್ಟೆಯಾಗುತ್ತದೆ. ನೂಲು ಸುತ್ತಿ ಗೂಡು ಕಟ್ಟುವುದು ರೇಷ್ಮೆಯಂಥ ಪತಂಗದ ಹುಳು. ಚಿಟ್ಟೆಯ ಹುಳು ಸಾಮಾನ್ಯವಾಗಿ ಚರ್ಮ ಕಳಚಿ, ಬರೀ ಕೋಶವಾಗಿ ನೇತಾಡುತ್ತದೆ. ಅಮ್ಮ ಚಿತ್ರ ನೋಡಿ, "ಚಂದ್ರಿಕೆನೇ ಇಲ್ಲದೆ ಎಲ್ಲಿ ಗೂಡು ಕಟ್ತು ಇದು?" ಅಂದರು. ಚಂದ್ರಿಕೆ ಅಂದರೆ ಹುಳು ಗೂಡು ಕಟ್ಟಲೆಂದು ಬಿಡುವ ಬಿದಿರಿನ ತಟ್ಟಿ. ನಮ್ಮ ಮನೆಯಲ್ಲಂತೂ ಗೂಡು ಸೀದಾ ಮಾರ್ಕೆಟ್ಟಿಗೆ. ರೆಕ್ಕೆ ಬರುವವರೆಗೆ ಯಾರು ಕಾಯುತ್ತಿದ್ದರು?

ಆದರೂ ಪುಸ್ತಕ ಗೆದ್ದಿತು, ತೂತುಗಳಿಂದ. ಸೋಮವಾರ ಒಂದು ಸೇಬು, ಶುಕ್ರವಾರ ಐದು ಕಿತ್ತಳೆ. ದಿನ ಕಳೆದಂತೆ ಹಾಳೆ ಅಗಲವಾಗುತ್ತದೆ, ಹಣ್ಣು ಹಣ್ಣಿಗೂ ನಿಜವಾದ ತೂತು. ಇದನ್ನು ಕೈಗೆಟುಕುವ ಬೆಲೆಗೆ ಮಾಡಿಕೊಡುವವರು ಅಮೆರಿಕದಲ್ಲಿ ಸಿಗದೆ ಮೊದಲು ಜಪಾನಿನಲ್ಲಿ ಅಚ್ಚು ಹಾಕಿಸಿದರು. ಮಗಳು ತೂತಿಗೆ ಬೆರಳು ತೂರಿಸಿ ತಾನೇ ಹುಳುವಾಗುತ್ತಾಳೆ. ಎಣಿಕೆ, ವಾರದ ಹೆಸರು ಹಾಗೇ ಬಂದವು. ಎಡವಿದ್ದು ನಾನು. 'ಪಿಕಲ್' ಬಂದಾಗ ಉಪ್ಪಿನಕಾಯಿ ಅಂದೆ. ಚಿತ್ರದಲ್ಲಿ ಹಸಿರು ಸೌತೆಕಾಯಿ. "ಖಾರ ಎಲ್ಲಮ್ಮಾ?" ಅಂದಳು.

ಮಾರಿಸ್ ಸೆಂಡಾಕ್ ಅವರ 'ವೇರ್ ದ ವೈಲ್ಡ್ ಥಿಂಗ್ಸ್ ಆರ್' (1963) ಕೂಡ ಗಟ್ಟಿ. ತುಂಟ ಹುಡುಗನ ಕೋಪ ಬೆಳೆದಂತೆ ಚಿತ್ರವೂ ಬೆಳೆಯುತ್ತದೆ. ಭೂತಗಳ ಕುಣಿತದ ಹೊತ್ತಿಗೆ ಮಾತಿಗೆ ಜಾಗವೇ ಇಲ್ಲ. ಅಲ್ಲಿ ನಾವು ಕೂತು ಬರೀ ಕಿರುಚುತ್ತೇವೆ.

ಕೈಕೊಟ್ಟಿದ್ದು 1941ರ 'ಕ್ಯೂರಿಯಸ್ ಜಾರ್ಜ್'. ಹಳದಿ ಟೋಪಿಯವನು ಆಫ್ರಿಕಾದ ಮರಿಕೋತಿಯನ್ನು ಚೀಲಕ್ಕೆ ತುರುಕಿ ಹಡಗು ಹತ್ತಿಸುತ್ತಾನೆ. ಕೋತಿ ಪೈಪು ಬೇರೆ ಸೇದುತ್ತದೆ. ಅಕ್ಕನ ಮಕ್ಕಳ ಜೊತೆ ನಾನೂ ನಕ್ಕಿದ್ದೆ. ಬರೆದ ರೇ ದಂಪತಿ ಯಹೂದಿಗಳು. 1940ರಲ್ಲಿ ನಾಜಿ ಸೈನ್ಯ ಬರುವ ಮುಂಚೆ ಈ ಹಸ್ತಪ್ರತಿ ಹೊತ್ತು ಸೈಕಲ್ ಮೇಲೆ ಪ್ಯಾರಿಸ್ ಬಿಟ್ಟವರು. ಅಂಥವರ ಪುಸ್ತಕದಲ್ಲೂ ಸಿಕ್ಕಿಬಿದ್ದ ಕೋತಿಯ ಸಂಕಟ ಒಂದೇ ಸಾಲಿಗೆ ಮುಗಿಯುತ್ತದೆ. ಮಗಳು ಆ ಪುಟದಿಂದ ಮುಂದೆ ಹೋಗಲೇ ಇಲ್ಲ. "ಚೀಲದಲ್ಲಿ ಉಸಿರಾಡಕ್ಕೆ ಆಗುತ್ತಾ?" ಅಂತ ಮೂರು ಸಲ ಕೇಳಿದಳು. ಅದನ್ನು ಮೇಲಿನ ಶೆಲ್ಫಿಗೆ ಹಾಕಿದ್ದೇನೆ, ದೊಡ್ಡವಳಾದ ಮೇಲೆ ಮಾತಾಡಬಹುದು.

ಹುಳುವಿನ ಪುಸ್ತಕ ಕೊಳ್ಳುವುದಾದರೆ ದಪ್ಪ ರಟ್ಟಿನ ಪ್ರತಿಯನ್ನೇ ತೊಗೊಳ್ಳಿ. ನಮ್ಮದರಲ್ಲಿ ಗುರುವಾರದ ಸ್ಟ್ರಾಬೆರಿಗಳು ಈಗಾಗಲೇ ಸೆಲ್ಲೋಟೇಪಿನ ಮೇಲೆ ನಿಂತಿವೆ.